ಬಾವಿಯ ಮೀಟರಿನಿಂದ ಸ್ಯಾಕ್ರಮೆಂಟೊವರೆಗೆ

ಕ್ಯಾಲಿಫೋರ್ನಿಯಾದ ಊರುಗಳಿಗೆ ಕುಡಿಯುವ ನೀರು ಕೊಡುವ ಸಂಸ್ಥೆಗಳು ತಿಂಗಳು ತಿಂಗಳೂ ರಾಜ್ಯಕ್ಕೆ ಲೆಕ್ಕ ಒಪ್ಪಿಸಬೇಕು. 3,000ಕ್ಕಿಂತ ಹೆಚ್ಚು ಗ್ರಾಹಕರಿರುವ, ಇಲ್ಲವೇ ವರ್ಷಕ್ಕೆ 3,000 ಎಕರೆ-ಅಡಿಗಿಂತ ಹೆಚ್ಚು ನೀರು ಕೊಡುವ ಸಂಸ್ಥೆಗಳೆಲ್ಲ ಇದಕ್ಕೆ ಒಳಪಟ್ಟಿವೆ. ಅಂಥವು ಸುಮಾರು 400 ಇವೆ. ಸೆಂಟ್ರಲ್ ವ್ಯಾಲಿಯ ಒಂದು ಮಧ್ಯಮ ಗಾತ್ರದ ಊರಿನಲ್ಲಿ ಆ ಲೆಕ್ಕ ಬರೆದು ಸ್ಯಾಕ್ರಮೆಂಟೊದ ರಾಜ್ಯ ಜಲಸಂಪನ್ಮೂಲ ನಿಯಂತ್ರಣ ಮಂಡಳಿಗೆ ಕಳಿಸುವುದು ನನ್ನ ಕೆಲಸ. ಆನ್‌ಲೈನ್ ಫಾರಂ ತುಂಬುವುದನ್ನು ಯಾರಾದರೂ ಒಂದೆರಡು ತಿಂಗಳಲ್ಲಿ ಕಲಿತುಬಿಡಬಹುದು. ಫಾರಮ್ಮಿನ ಪ್ರತಿ ಅಂಕಿಯೂ ಯಾವ ಮೀಟರಿನಲ್ಲಿ, ಯಾವ ದಿನ, ಯಾರ ಕಣ್ಣೆದುರು ಹುಟ್ಟಿತು ಎಂದು ಹಿಂದಕ್ಕೆ ಹೋಗಿ ಹುಡುಕುವುದೇ ನಿಜವಾದ ಕೆಲಸ ಎಂಬುದು ನನಗೆ ವರ್ಷಗಳ ಮೇಲೆ ಮನವರಿಕೆಯಾದ ಸಂಗತಿ.

ಈ ಮಾಸಿಕ ಲೆಕ್ಕ ಶುರುವಾದದ್ದು ಬರಗಾಲದಲ್ಲಿ. 2014ರ ಜನವರಿಯಲ್ಲಿ ಗವರ್ನರ್ ಜೆರ್ರಿ ಬ್ರೌನ್ ಬರದ ತುರ್ತುಸ್ಥಿತಿ ಘೋಷಿಸಿದರು. ಜುಲೈನಲ್ಲಿ ಮಂಡಳಿ ತುರ್ತು ನಿಯಮ ತಂದಿತು. ಅಲ್ಲಿಯವರೆಗೆ ವರ್ಷಕ್ಕೊಂದು ವರದಿ, ಐದು ವರ್ಷಕ್ಕೊಮ್ಮೆ ನಗರ ನೀರು ನಿರ್ವಹಣಾ ಯೋಜನೆ, ಅಷ್ಟೇ. ಕಳೆದ ತಿಂಗಳು ಊರುಗಳು ಎಷ್ಟು ನೀರು ಬಳಸಿದವು ಎಂದು ರಾಜ್ಯದಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುತ್ತಿರಲಿಲ್ಲ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ ಎಂಬುದು ದಿನದಿನವೂ ಗೊತ್ತಾಗುತ್ತಿದ್ದ ರಾಜ್ಯದಲ್ಲಿ, ನಲ್ಲಿಯಿಂದ ಎಷ್ಟು ಹೋಗುತ್ತಿದೆ ಎಂಬುದು ಗೊತ್ತಾಗಲು ಅಂಥ ಬರವೇ ಬರಬೇಕಾಯಿತು. ತಿಂಗಳ 15ರೊಳಗೆ ಹಿಂದಿನ ತಿಂಗಳ ಉತ್ಪಾದನೆ ತಿಳಿಸಿ, 2013ರ ಅದೇ ತಿಂಗಳಿನೊಂದಿಗೆ ಹೋಲಿಸಿ ಎಂದು ಮಂಡಳಿ ಹೇಳಿತು. ಉತ್ಪಾದನೆ ಅಂದರೆ ಬಾವಿಗಳಿಂದ ಎತ್ತಿದ, ಶುದ್ಧೀಕರಣ ಘಟಕದಿಂದ ಬಿಟ್ಟ, ಬೇರೆಯವರಿಂದ ಕೊಂಡ ನೀರೆಲ್ಲ ಸೇರಿ ಊರಿನ ಕೊಳವೆಗೆ ಹೋದದ್ದು.

ಮೊದಮೊದಲು ಇದನ್ನು ಬಹಳ ಕಡೆ ಇನ್ನೊಂದು ಫಾರಂ ಎಂದೇ ನೋಡಿದರು. 2015ರ ಏಪ್ರಿಲ್ 1ರಂದು ಅದು ಬದಲಾಯಿತು. ಸಿಯೆರಾ ನೆವಾಡಾದ ಫಿಲಿಪ್ಸ್ ಎಂಬಲ್ಲಿ ಹಿಮದ ಆಳ ಅಳೆಯುವ ದಿನ ಅದು. ಆ ಕಾಲದಲ್ಲಿ ಆಳೆತ್ತರ ಹಿಮವಿರಬೇಕಾದ ಜಾಗದಲ್ಲಿ ಬ್ರೌನ್ ಒಣ ಹುಲ್ಲಿನ ಮೇಲೆ ನಿಂತು, ರಾಜ್ಯದ ಊರುಗಳು ಒಟ್ಟಾರೆ ಶೇ 25ರಷ್ಟು ನೀರು ಕಡಿತ ಮಾಡಬೇಕೆಂದು ಆದೇಶಿಸಿದರು. ಎಲ್ಲ ಊರಿಗೂ ಒಂದೇ ಗುರಿ ಹಾಕುವಂತಿರಲಿಲ್ಲ. ಮೊದಲೇ ಉಳಿಸಿದವರಿಗೆ ಅದು ಅನ್ಯಾಯ. ಹಾಗಾಗಿ 2014ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ತಲಾ ಗೃಹಬಳಕೆಯನ್ನು ಆಧಾರವಾಗಿಟ್ಟುಕೊಂಡು ಮಂಡಳಿ ಶೇ 4ರಿಂದ ಶೇ 36ರವರೆಗೆ ಒಂಬತ್ತು ಹಂತ ಮಾಡಿತು.

ಆ ತಲಾ ಬಳಕೆಯ ಸೂತ್ರ ನೋಡಲು ಸರಳ. ಒಟ್ಟು ಉತ್ಪಾದನೆಯಲ್ಲಿ ಮನೆಗಳ ಪಾಲು ಶೇಕಡಾ ಎಷ್ಟೋ ಅಷ್ಟನ್ನು ತೆಗೆದುಕೊಂಡು, ಜನಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸುವುದು. ಲೆಕ್ಕಕ್ಕೆಂದು ಒಂದು ಊರು ಹಿಡಿಯೋಣ: ತಿಂಗಳಿಗೆ 10 ಕೋಟಿ ಗ್ಯಾಲನ್, 30,000 ಜನ, 31 ದಿನ. ಮನೆಗಳ ಪಾಲು ಶೇ 70 ಎಂದು ಬರೆದರೆ ತಲಾ ದಿನಕ್ಕೆ 75 ಗ್ಯಾಲನ್ ಬರುತ್ತದೆ. ಶೇ 75 ಎಂದು ಬರೆದರೆ 80 ದಾಟುತ್ತದೆ. ಮೊದಲನೆಯದಕ್ಕೆ ಕಡಿತದ ಗುರಿ ಶೇ 12, ಎರಡನೆಯದಕ್ಕೆ ಶೇ 16. ನೀರು ಅಷ್ಟೇ, ಜನ ಅಷ್ಟೇ. ಬದಲಾದದ್ದು ಯಾರೋ ಅಂದಾಜಿನಲ್ಲಿ ಬರೆದ ಒಂದು ಶೇಕಡಾವಾರು. ಆ ನಾಲ್ಕು ಶೇಕಡಾದ ಹಿಂದೆ ಎಷ್ಟು ಉದ್ಯಾನಗಳು ಒಣಗುತ್ತವೆ, ಎಷ್ಟು ಮನೆಗಳಿಗೆ ನೋಟಿಸ್ ಹೋಗುತ್ತದೆ ಎಂಬುದನ್ನು ಕೌನ್ಸಿಲ್ ಸಭೆಯಲ್ಲಿ ಕೂತವರು ಕಂಡಿದ್ದಾರೆ. ರಾಜ್ಯದ ಮಟ್ಟದಲ್ಲಿ 2015ರ ಜೂನ್‌ನಿಂದ ಮುಂದಿನ ಮೇವರೆಗೆ ಶೇ 24.5ರಷ್ಟು ಉಳಿತಾಯವಾಯಿತು. ಗುರಿಗೆ ಕೂದಲೆಳೆಯಷ್ಟು ಹತ್ತಿರ. ಆ ಸಾಧನೆ ಜನರದು; ಅದನ್ನು ಕಾಣುವಂತೆ ಮಾಡಿದ್ದು ಈ ತಿಂಗಳ ಲೆಕ್ಕ.

ಶೇಕಡಾವಾರು ಏಕೆ ಅಂದಾಜಾಗುತ್ತದೆ ಎಂದರೆ, ಬಾವಿಯ ಮೀಟರೂ ಮನೆಯ ಮೀಟರೂ ಬೇರೆ ಬೇರೆ ಪಂಚಾಂಗದಲ್ಲಿ ಓಡುತ್ತವೆ. ಬಾವಿಯ ಲೆಕ್ಕ ತಿಂಗಳಿಗೆ ಸೇರಿದ್ದು. ಎರಡು ತಿಂಗಳಿಗೊಮ್ಮೆ ಬಿಲ್ ಮಾಡುವ ಊರಿನಲ್ಲಿ ಅರ್ಧ ಊರನ್ನು ಒಂದು ತಿಂಗಳು, ಉಳಿದರ್ಧವನ್ನು ಇನ್ನೊಂದು ತಿಂಗಳು ಓದುತ್ತಾರೆ. ಆಗಸ್ಟಿನ ಬಿಲ್ಲಿನಲ್ಲಿ ಜೂನ್ ಕೊನೆಯ ನೀರೂ ಇರುತ್ತದೆ. ಆಗಸ್ಟಿನ ಉತ್ಪಾದನೆಯಿಂದ ಆಗಸ್ಟಿನ ಬಿಲ್ಲನ್ನು ಕಳೆದು, ಉಳಿದದ್ದೆಲ್ಲ ಸೋರಿಕೆ ಎಂದು ಹೇಳುವವರನ್ನು ನಾನು ಹಲವು ಸಭೆಗಳಲ್ಲಿ ಕಂಡಿದ್ದೇನೆ. ಬೇಸಿಗೆ ಏರುವಾಗ ಆ ಲೆಕ್ಕದಲ್ಲಿ ಭಯಂಕರ ಸೋರಿಕೆ ಕಾಣುತ್ತದೆ, ಇಳಿಯುವಾಗ ಎತ್ತಿದ್ದಕ್ಕಿಂತ ಹೆಚ್ಚು ಮಾರಿದಂತೆ ಕಾಣುತ್ತದೆ. ಎರಡೂ ಸುಳ್ಳು. ಸೋರಿಕೆಯ ಲೆಕ್ಕಕ್ಕೆ ಕನಿಷ್ಠ ಇಡೀ ವರ್ಷ ಬೇಕು, ಅದರಲ್ಲೂ ಬಿಲ್ಲಿನ ದಿನಾಂಕಗಳನ್ನು ಹಿಂದಕ್ಕೆ ಸರಿಸಿ ಹೊಂದಿಸಬೇಕು.

ಒಂದು ಸಲ ನಮ್ಮ ಊರಿನ ಉತ್ಪಾದನೆ 2013ರ ಅದೇ ತಿಂಗಳಿಗಿಂತ ಸಿಕ್ಕಾಪಟ್ಟೆ ಏರಿತು. ಬಿಸಿಲು ಹೆಚ್ಚಿರಲಿಲ್ಲ, ಹೊಸ ಬಡಾವಣೆ ಬಂದಿರಲಿಲ್ಲ. ಬಾವಿಗಳ ಮೇಲ್ವಿಚಾರಣೆಯ ಹಿರಿಯ ಆಪರೇಟರ್ ಜೊತೆ ಪಂಪ್‌ಹೌಸುಗಳಿಗೆ ಹೋದೆ. ಬೆಳಗಿನ ಜಾವ ಪಂಪ್ ಶುರುವಾಗುವಾಗ ಪ್ರೊಪೆಲರ್ ಮೀಟರಿನ ಮುಳ್ಳು ಒಮ್ಮೆ ಜಿಗಿದು, ಅತ್ತಿತ್ತ ತುಯ್ದು, ನಿಧಾನವಾಗಿ ಒಂದು ಕಡೆ ನಿಂತಿತು. ಅದರ ಕೆಳಗಿನ ಅಂಕಿಗಳನ್ನು ಆತ ಜೇಬಿನ ಪುಸ್ತಕದಲ್ಲಿ ಬರೆದುಕೊಂಡ. ಗಾಜಿನ ಮೇಲೆ ಸುಣ್ಣದ ಕಲೆ. ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಕೊನೆಯ ಅಂಕಿ ಕಾಣುತ್ತದೆ. ತಿಂಗಳ ಕೊನೆಯ ದಿನ ಶನಿವಾರ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಸೋಮವಾರ ಓದುತ್ತೇವೆ, ಇನ್ನೇನು?" ಎಂದ. ಹಾಗೆ 31 ದಿನದ ತಿಂಗಳಿಗೆ 33 ದಿನದ ನೀರು ಸೇರಿತ್ತು. ಆತನಲ್ಲಿ ಏನೂ ತಪ್ಪಿರಲಿಲ್ಲ. ಪುಸ್ತಕದಲ್ಲಿ ದಿನಾಂಕ, ಗಂಟೆ ಎರಡೂ ಇದ್ದವು. ಎಕ್ಸೆಲ್ ಹಾಳೆಗೆ ಏರಿಸುವಾಗ ಅವನ್ನು ಕೈಬಿಡಲಾಗಿತ್ತು. ಈಗ ನಮ್ಮಲ್ಲಿ ಓದಿದ ಗಂಟೆ ಇಲ್ಲದ ರೀಡಿಂಗನ್ನು ಹಾಳೆ ಒಪ್ಪಿಕೊಳ್ಳುವುದಿಲ್ಲ.

ಜನಸಂಖ್ಯೆಯ ಅಂಕಿಯಲ್ಲೂ ಇಂಥ ತೊಡಕುಂಟು. ನಗರದ ಗಡಿ ಒಂದು, ನೀರು ಕೊಡುವ ಪ್ರದೇಶದ ಗಡಿ ಇನ್ನೊಂದು. ಎಕರೆ-ಅಡಿ, ಗ್ಯಾಲನ್, ಬಿಲ್ಲಿನಲ್ಲಿ ನೂರು ಘನ ಅಡಿ ಹೀಗೆ ಮೂರು ಅಳತೆಗಳ ಗೊಂದಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಎಕರೆ-ಅಡಿಗೆ 3,25,851 ಗ್ಯಾಲನ್, ನೂರು ಘನ ಅಡಿಗೆ 748 ಗ್ಯಾಲನ್. ಇದನ್ನು ಗೋಡೆಗೆ ಅಂಟಿಸಿಕೊಂಡರೆ ಸಾಕು.

ನಾನು ಅತಿ ಹೆಚ್ಚು ಕಲಿತದ್ದು ಸೋರಿಕೆಯ ಆಡಿಟ್‌ನಿಂದ. 2015ರಲ್ಲಿ ಬಂದ ಎಸ್‌ಬಿ 555 ಕಾಯ್ದೆಯ ಪ್ರಕಾರ 2017ರಿಂದ ಪ್ರತಿ ವರ್ಷ ನಗರ ನೀರು ಸರಬರಾಜುದಾರರು ನೀರಿನ ನಷ್ಟದ ಆಡಿಟ್ ಸಲ್ಲಿಸಬೇಕು. ಅದನ್ನು ತಯಾರಿಸಿದವರೇ ಪರಿಶೀಲಿಸುವಂತಿಲ್ಲ; ಅರ್ಹತೆ ಪಡೆದ ಬೇರೊಬ್ಬರು ಕೂತು ಪ್ರತಿ ಅಂಕಿಯನ್ನೂ ಪ್ರಶ್ನಿಸಬೇಕು. ಅಮೆರಿಕನ್ ವಾಟರ್ ವರ್ಕ್ಸ್ ಅಸೋಸಿಯೇಷನ್ನಿನ ಉಚಿತ ಸಾಫ್ಟ್‌ವೇರ್ ಇದಕ್ಕಿದೆ. ಅದರಲ್ಲಿ ಪ್ರತಿ ಅಂಕಿಯ ಪಕ್ಕ ಅದು ಎಷ್ಟು ನಂಬಲರ್ಹ ಎಂಬುದಕ್ಕೂ ದರ್ಜೆ ಕೊಡಬೇಕು. ನೂರಕ್ಕೆ ಇಷ್ಟು ಎಂದು ಕೊನೆಗೆ ಒಂದು ಒಟ್ಟು ಅಂಕ ಬರುತ್ತದೆ. ನೀರಿನ ಲೆಕ್ಕದ ಜೊತೆಗೇ ಲೆಕ್ಕದ ಮೇಲಿನ ಭರವಸೆಯನ್ನೂ ಬರೆದುಕೊಡಬೇಕೆಂಬ ಈ ಏರ್ಪಾಟು ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯವಸ್ಥೆಯ ಅತ್ಯುತ್ತಮ ಭಾಗ.

ನಮ್ಮ ಪರಿಶೀಲಕಿ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: ಬಾವಿಯ ಮೀಟರುಗಳನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಪ್ರತಿ ವರ್ಷ ಕ್ಯಾಲಿಬ್ರೇಷನ್ ಆಗುತ್ತದೆ, ಪ್ರಮಾಣಪತ್ರ ಇದೆ ಎಂದು ನಮ್ಮವರು ಹೇಳಿದರು. ಪತ್ರ ತರಿಸಿ ನೋಡಿದ ಆಕೆ ವಿವರಿಸಿದ್ದು ನನಗೆ ಕಣ್ಣು ತೆರೆಸಿತು. ತಂತ್ರಜ್ಞ ಬಂದು ಪರೀಕ್ಷಿಸುತ್ತಿದ್ದುದು ಮೀಟರಿನಿಂದ ಕಂಟ್ರೋಲ್ ರೂಮಿಗೆ ಹೋಗುವ ವಿದ್ಯುತ್ ಸಂಕೇತವನ್ನು. 4ರಿಂದ 20 ಮಿಲಿಆಂಪಿಯರ್ ಸರಿಯಾಗಿ ಹೋಗುತ್ತಿದೆಯೇ ಎಂದು. ಕೊಳವೆಯಲ್ಲಿ ಹರಿದ ನೀರನ್ನು ಮೀಟರ್ ಸರಿಯಾಗಿ ಎಣಿಸುತ್ತಿದೆಯೇ ಎಂಬುದನ್ನು ತಿಳಿಯಲು ಇನ್ನೊಂದು ಮೀಟರ್ ಕೂರಿಸಿ ಅದೇ ನೀರನ್ನು ಅಳೆದು ತಾಳೆ ನೋಡಬೇಕು. ಎರಡೂ ಪರೀಕ್ಷೆಗೆ ಜನ ಒಂದೇ ಹೆಸರು ಹೇಳುತ್ತಾರೆ, ಎರಡಕ್ಕೂ ಒಂದೇ ಥರದ ಸರ್ಟಿಫಿಕೇಟ್ ಫೈಲಿನಲ್ಲಿ ಕೂತಿರುತ್ತದೆ. ಮರಳು ಬರುವ ಬಾವಿಗಳಲ್ಲಿ ಪ್ರೊಪೆಲರ್ ಸವೆದು ನಿಧಾನವಾಗಿ ಕಡಿಮೆ ಓದತೊಡಗುತ್ತದೆ, ಸಂಕೇತ ಮಾತ್ರ ಕರಾರುವಾಕ್ಕಾಗಿ ಆ ತಪ್ಪನ್ನೇ ಹೊತ್ತು ತರುತ್ತದೆ. ಕಂಕುಳಲ್ಲಿ ಕಲ್ಲಿಟ್ಟುಕೊಂಡವನನ್ನು ಒಳ್ಳೆಯ ತಕ್ಕಡಿಯಲ್ಲಿ ತೂಗಿದ ಹಾಗೆ.

ಇದರ ಪರಿಣಾಮ ದೊಡ್ಡದು. ಬಾವಿಯ ಮೀಟರ್ ಕಡಿಮೆ ಓದಿದರೆ ಸೋರಿಕೆ ಮುಚ್ಚಿಹೋಗುತ್ತದೆ. ಊರು ಬಹಳ ಮಿತವ್ಯಯಿ ಎಂದು ರಾಜ್ಯ ನಂಬುತ್ತದೆ, ಅಂತರ್ಜಲ ಮಾತ್ರ ಇಳಿಯುತ್ತಲೇ ಇರುತ್ತದೆ. ಹೆಚ್ಚು ಓದಿದರೆ ಇಲ್ಲದ ಸೋರಿಕೆ ಹುಡುಕಿ ರಸ್ತೆ ಅಗೆಯುತ್ತೇವೆ. ಮನೆಗಳ ಹಳೆಯ ಮೀಟರುಗಳು ಕಡಿಮೆ ಓದಿದರೆ ಆ ನೀರು ಸೋರಿಹೋಗಿಲ್ಲ, ಬಳಕೆಯಾಗಿದೆ, ಹಣ ಮಾತ್ರ ಬಂದಿಲ್ಲ. ಆಡಿಟ್ ಸೋರಿದ ನೀರನ್ನೂ ಹಣ ಬಾರದ ನೀರನ್ನೂ ಬೇರೆ ಬೇರೆ ಖಾನೆಯಲ್ಲಿ ಬರೆಯಿಸುತ್ತದೆ. ಮಂಡಳಿ 2022ರಲ್ಲಿ ಒಂದೊಂದು ಸಂಸ್ಥೆಗೂ ನಿಜವಾದ ಸೋರಿಕೆಯ ಮಿತಿ ಹಾಕಿ, 2028ರ ಆರಂಭದೊಳಗೆ ಮುಟ್ಟಬೇಕೆಂದು ಹೇಳಿದ ಮೇಲೆ ಈ ಖಾನೆಗಳ ನಡುವಿನ ಗೆರೆ ಹಣಕಾಸಿನ ಪ್ರಶ್ನೆಯೂ ಆಗಿದೆ.

ಬೆಂಗಳೂರಿನಲ್ಲಿ ನೀರಿನ ಇಲಾಖೆಯಲ್ಲಿದ್ದು ನಿವೃತ್ತರಾದ ನಮ್ಮ ಭಾವನವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು, "ಅಲ್ಲಮ್ಮ, ಅಲ್ಲಿ ಎಲ್ಲ ಮನೆಗೂ ಮೀಟರ್ ಇದೆಯಾ?" ಎಂದು. ಸರಿಯಾದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಕಣಿವೆಯ ಎಷ್ಟೋ ಊರುಗಳಲ್ಲಿ ಬಹುಕಾಲ ಮನೆಗೆ ಮೀಟರೇ ಇರಲಿಲ್ಲ, ತಿಂಗಳಿಗೆ ಇಷ್ಟೆಂದು ಒಂದೇ ದರ. 2004ರ ಕಾಯ್ದೆ ನಗರ ಸರಬರಾಜುದಾರರಿಗೆ 2025ರ ಜನವರಿ 1ರವರೆಗೆ ಗಡುವು ಕೊಟ್ಟಿತು. ತಲಾ ಬಳಕೆಯ ಅಂಕಿಗಳನ್ನೂ ಅವರು ಕೇಳಿದರು. ಭಾರತದ ನಗರಗಳಿಗೆ ದಿನಕ್ಕೆ ತಲಾ 135 ಲೀಟರ್ ಎಂಬ ಮಾನದಂಡ ಅವರ ತಲೆಯಲ್ಲಿತ್ತು. ಇಲ್ಲಿ ಮನೆಯೊಳಗಿನ ಬಳಕೆಗೇ 55 ಗ್ಯಾಲನ್, ಅಂದರೆ ಸುಮಾರು 208 ಲೀಟರ್ ಇತ್ತು. 2025ರಿಂದ 47 ಗ್ಯಾಲನ್, 2030ರಿಂದ 42, ಅಂದರೆ ಸುಮಾರು 159 ಲೀಟರ್. ತೋಟದ ಲೆಕ್ಕ ಬೇರೆ. 2024ರ ಜುಲೈನಲ್ಲಿ ಮಂಡಳಿ ಒಪ್ಪಿದ ಹೊಸ ನಿಯಮದಲ್ಲಿ ಮನೆಯೊಳಗಿನದು, ಮನೆಯ ಹೊರಗಿನದು, ವಾಣಿಜ್ಯ ಸಂಸ್ಥೆಗಳ ಹುಲ್ಲುಹಾಸಿನದು, ಸೋರಿಕೆಯದು ಇವೆಲ್ಲ ಕೂಡಿ ಪ್ರತಿ ಊರಿಗೂ ವರ್ಷದ ಒಂದು ಗುರಿ. ಹುಲ್ಲಿನ ವಿಸ್ತೀರ್ಣವನ್ನು ರಾಜ್ಯ ಆಕಾಶದಿಂದ ತೆಗೆದ ಚಿತ್ರಗಳಿಂದ ಅಳೆದು ಕೊಡುತ್ತದೆ.

ಒಂದು ಊರಿನ ತಲಾ ಬಳಕೆಯನ್ನು ಇನ್ನೊಂದರ ಜೊತೆಗೆ ಹಾಗೆಯೇ ಇಟ್ಟು ಹೋಲಿಸುವುದನ್ನು ನಾನು ಎಲ್ಲಿ ಕಂಡರೂ ಆಕ್ಷೇಪಿಸುತ್ತೇನೆ. ಮಂಡಳಿಯೂ ಇದೇ ಎಚ್ಚರಿಕೆ ಕೊಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಮಂಜಿನಲ್ಲಿ ಅಪಾರ್ಟ್‌ಮೆಂಟಿನಲ್ಲಿರುವವರಿಗೂ ಫ್ರೆಸ್ನೊದ ಬಿಸಿಲಲ್ಲಿ ನಾಲ್ಕು ಮರ ಉಳಿಸಿಕೊಂಡವರಿಗೂ ಒಂದೇ ಪಟ್ಟಿಯಲ್ಲಿ ರ‍್ಯಾಂಕ್ ಕೊಟ್ಟರೆ ಪತ್ರಿಕೆಗೆ ಸುದ್ದಿಯಾಗುತ್ತದೆ, ನೀರು ಉಳಿಯುವುದಿಲ್ಲ. ತನ್ನದೇ ಹಿಂದಿನ ವರ್ಷಗಳ ಜೊತೆ, ಅಷ್ಟೇ ದಿನಗಳ ತಿಂಗಳ ಜೊತೆ ಹೋಲಿಸಿದಾಗ ಅದೇ ಅಂಕಿ ಬಹಳ ಹೇಳುತ್ತದೆ.

ಆದ್ದರಿಂದ ಈಗ ನಮ್ಮ ಪ್ರತಿ ವರದಿಯ ಜೊತೆ ಒಂದು ಹಾಳೆ ಇರುತ್ತದೆ. ಪ್ರತಿ ಬಾವಿಯ ಮೀಟರಿನ ಬಗೆ, ಕೂರಿಸಿದ ವರ್ಷ, ನೀರು ಹರಿಸಿ ಪರೀಕ್ಷಿಸಿದ ದಿನಾಂಕ, ತಿಂಗಳ ಮೊದಲ ಮತ್ತು ಕೊನೆಯ ರೀಡಿಂಗಿನ ಗಂಟೆ, ಮನೆಗಳ ಪಾಲನ್ನು ಯಾವ ಬಿಲ್ಲುಗಳಿಂದ ತೆಗೆದದ್ದು ಎಂಬುದು. ಅಂಕಿ ತಿದ್ದಬೇಕಾದರೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಕಾರಣ ಬರೆಯುತ್ತೇವೆ. ಹೊಸದಾಗಿ ಸೇರಿದವರನ್ನು ಮೊದಲು ಕಂಪ್ಯೂಟರಿನ ಮುಂದೆ ಕೂರಿಸದೆ ಆಪರೇಟರ್ ಜೊತೆ ಪಂಪ್‌ಹೌಸುಗಳಿಗೆ ಕಳಿಸುತ್ತೇನೆ. ಊರಿನ ಹಳೆಯ ಬಾವಿಯೊಂದರಲ್ಲಿ ಮೀಟರಿನ ಮುಂದೆ ಸಾಕಷ್ಟು ನೇರ ಕೊಳವೆ ಇಲ್ಲ. ತಿರುವು ದಾಟಿದ ಕೂಡಲೇ ಮೀಟರ್ ಕೂತಿರುವುದರಿಂದ ನೀರು ಸುಳಿಯಾಗಿ ಬಂದು ಓದು ಏರುಪೇರಾಗುತ್ತದೆ. ಅದನ್ನು ಬಿಚ್ಚಿ ಮ್ಯಾಗ್ನೆಟಿಕ್ ಮೀಟರ್ ಹಾಕಲು ಮುಂದಿನ ಬಜೆಟ್ಟಿನಲ್ಲಿ ಹಣ ಕೇಳಿದ್ದೇವೆ. ಅಲ್ಲಿಯವರೆಗೆ ಆ ಬಾವಿಯ ಅಂಕಿಯ ಪಕ್ಕ ಈ ವಿವರವೂ ತಿಂಗಳು ತಿಂಗಳೂ ಹೋಗುತ್ತಿದೆ.