ಕುಂಡದ ನೀರು, ಮನೆಯ ಆರೋಗ್ಯ

ಪ್ರತಿವರ್ಷ ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ಏರ್ಪಡುತ್ತದೆ. 1760ರಲ್ಲಿ ಹೈದರಾಲಿಯು ಆರಂಭಿಸಿ, ಟಿಪ್ಪು ಸುಲ್ತಾನನು ಬೆಳೆಸಿದ ಈ ತೋಟವು ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಗಾಜಿನ ಮನೆಯ ಹೂಗಳನ್ನು ಕಂಡು ಹೊರಬರುವ ಅನೇಕರ ಕೈಯಲ್ಲಿ ಒಂದೆರಡು ಸಸಿಗಳಿರುತ್ತವೆ. ಆಸೆಯಿಂದ ತಂದ ಆ ಸಸಿ ಕೆಲವೇ ವಾರಗಳಲ್ಲಿ ಹಳದಿಗಟ್ಟಿ ಬಾಡುವುದುಂಟು. ಆಗ ನಾವು ಇನ್ನಷ್ಟು ನೀರೆರೆಯುತ್ತೇವೆ. ಅನೇಕ ವೇಳೆ ಗಿಡದ ಕೇಡಿಗೆ ಆ ನೀರೇ ಕಾರಣ.

ಬೇರುಗಳಿಗೆ ನೀರಿನಂತೆಯೇ ಗಾಳಿಯೂ ಬೇಕು. ಉದ್ಯಾನದ ನೆಲದಲ್ಲಿ ಮಳೆನೀರು ಆಳಕ್ಕೆ ಇಂಗುತ್ತದೆ, ಹೆಚ್ಚಾದುದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಕುಂಡಕ್ಕೆ ತಳದ ರಂಧ್ರವೊಂದೇ ದಾರಿ. ಅದು ಮುಚ್ಚಿಕೊಂಡರೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ, ಉಸಿರಿಲ್ಲದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು; ಆದುದರಿಂದಲೇ ಒದ್ದೆ ಮಣ್ಣಿನಲ್ಲಿಯೂ ಎಲೆ ಬಾಡುತ್ತದೆ.

ಪರೀಕ್ಷೆ ಸುಲಭ. ಬೆರಳನ್ನು ಒಂದೆರಡು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಬೇಕು. ಒಣಗಿದ್ದರೆ ಮಾತ್ರ ನೀರೆರೆಯಬೇಕು, ತೇವವಿದ್ದರೆ ಕಾಯಬೇಕು. ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಬೆರೆಸಿ ತುಂಬಿದರೆ ನೀರು ಸರಾಗವಾಗಿ ಬಸಿಯುತ್ತದೆ.

ನೀರಿನ ಪ್ರಮಾಣವು ಋತುವಿನೊಂದಿಗೆ ಬದಲಾಗಬೇಕು. ಬೇಸಿಗೆಯಲ್ಲಿ ಮುಂಜಾನೆ ಬೇರಿನವರೆಗೆ ಇಳಿಯುವಂತೆ ನೀರುಣಿಸಿ, ಬುಡಕ್ಕೆ ತರಗೆಲೆ ಹೊದಿಸುವುದು ಒಳ್ಳೆಯದು. ಮಳೆಗಾಲವು ಸಸಿ ನೆಡಲು ಪ್ರಶಸ್ತ ಕಾಲ. ಆದರೆ ಮಳೆಯಾದ ದಿನ ನೀರು ಬೇಡ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಸುಮಾರಿಗೆ, ಗುಲಾಬಿಯನ್ನು ಸವರಿ ಗೊಬ್ಬರ ಕೊಟ್ಟರೆ ಚಳಿಗಾಲದಲ್ಲಿ ಹೂ ಬಿಡುತ್ತದೆ. ಚಳಿಗಾಲದಲ್ಲಿ ಮಣ್ಣು ನಿಧಾನವಾಗಿ ಒಣಗುವುದರಿಂದ ನೀರನ್ನು ಕಡಿಮೆ ಮಾಡಬೇಕು.

ಗಿಡಕ್ಕೆ ಹೆಚ್ಚಾದ ನೀರು ಮನೆಯವರಿಗೂ ಕೇಡು ತರಬಲ್ಲದು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ತಿಳಿನೀರು ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಅಚ್ಚುಮೆಚ್ಚಿನ ತಾಣ. ಅಂಗೈಯಗಲದ ನೀರೂ ಅದಕ್ಕೆ ಸಾಕು. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಹಿಡಿಯುತ್ತವೆ. ಆದುದರಿಂದ ವಾರಕ್ಕೊಮ್ಮೆ ತಪ್ಪದೆ ತಟ್ಟೆಗಳನ್ನು ಬರಿದು ಮಾಡಬೇಕು. ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಪಾತ್ರೆಯ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಹೂದಾನಿ, ಹಳೆಯ ಟೈರು, ಎಳನೀರಿನ ಚಿಪ್ಪು, ಮುಚ್ಚಳವಿಲ್ಲದ ತೊಟ್ಟಿ ಇವುಗಳಿಗೂ ಇದೇ ಎಚ್ಚರ ಅಗತ್ಯ.

ಈ ಸೊಳ್ಳೆ ಹೆಚ್ಚಾಗಿ ಹಗಲಿನಲ್ಲಿ ಕಚ್ಚುತ್ತದೆ. ತೀವ್ರ ಜ್ವರ, ಕಣ್ಣಿನ ಹಿಂಭಾಗದ ನೋವು, ಮೈಕೈ ನೋವು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಡೆಂಗಿಯ ಸಂಶಯವಿರುವಾಗ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರ ಇಳಿದ ಬಳಿಕವೂ ಹೊಟ್ಟೆನೋವು, ಎಡೆಬಿಡದ ವಾಂತಿ, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು, ಮನೆಯ ಮಕ್ಕಳೊಡನೆ ಕುಂಡಗಳನ್ನೆಲ್ಲ ನೋಡಿಬರುವುದು ಉತ್ತಮ ಅಭ್ಯಾಸ. ಹತ್ತು ನಿಮಿಷದ ಕೆಲಸವದು. ಗಿಡವೂ ಉಳಿಯುತ್ತದೆ, ನೆರೆಮನೆಯ ಮಗುವೂ ಸುಖವಾಗಿರುತ್ತದೆ.