ಅಮೆರಿಕದ ‘ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್’
ಕಡಿಮೆ ಸಂಬಳದ ದುಡಿಮೆಗಾರರಿಗೆ ಆದಾಯ ತೆರಿಗೆಯ ಮೂಲಕವೇ ನೆರವು ನೀಡುವ ಈ ಯೋಜನೆ 1975ರಲ್ಲಿ, ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದಾಗ ಜಾರಿಗೆ ಬಂತು. ಸೆನೆಟರ್ ರಸೆಲ್ ಲಾಂಗ್ ಇದರ ರೂವಾರಿ. ಆಗ ಮಕ್ಕಳಿರುವ ಕುಟುಂಬಗಳಿಗೆ ಗಳಿಕೆಯ ಶೇ 10, ಗರಿಷ್ಠ 400 ಡಾಲರ್ ಸಿಗುತ್ತಿತ್ತು. ಆದಾಯ 4,000 ಡಾಲರ್ ದಾಟಿದರೆ ಮೊತ್ತ ಇಳಿಯುತ್ತ 8,000ಕ್ಕೆ ಶೂನ್ಯವಾಗುತ್ತಿತ್ತು. ಕಟ್ಟಬೇಕಾದ ತೆರಿಗೆಗಿಂತ ರಿಯಾಯಿತಿ ಹೆಚ್ಚಿದ್ದರೆ ಮಿಕ್ಕ ಹಣ ಕೈಗೇ ಬರುತ್ತದೆ. ಜಗಳ ಇರುವುದು ಇಲ್ಲೇ: ಅದು ತೆರಿಗೆ ವಾಪಸಾತಿಯೋ, ಅನ್ಯರ ಗಳಿಕೆಯ ಹಂಚಿಕೆಯೋ? ದುಡಿದವರಿಗಷ್ಟೇ ದಕ್ಕುವ ಕಾರಣ ರಿಪಬ್ಲಿಕನ್ ಪಕ್ಷದ ರೇಗನ್ ಕೂಡ 1986ರಲ್ಲಿ ಇದನ್ನು ಹಿಗ್ಗಿಸಿದರು; 1993ರಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಮಕ್ಕಳಿಲ್ಲದವರಿಗೂ ಚಾಚಿದರು. 2012ರಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಮಿಟ್ ರೋಮ್ನಿ, ಇಂಥ ರಿಯಾಯಿತಿ ಪಡೆದವರೂ ಸೇರಿದಂತೆ ಆದಾಯ ತೆರಿಗೆ ಕಟ್ಟದ ಶೇ 47 ಮಂದಿಯನ್ನು ಸರ್ಕಾರದ ಅವಲಂಬಿತರೆಂದು ಟೀಕಿಸಿದ್ದರು. ಅದು ಅರ್ಧ ಚಿತ್ರ ಮಾತ್ರ: ಅವರಲ್ಲಿ ಸಂಬಳದಾರರಿಗೆ ಸಾಮಾಜಿಕ ಭದ್ರತೆ, ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆಗಳ ಕಡಿತ ಮೊದಲ ಡಾಲರ್‌ನಿಂದಲೇ ಶುರುವಾಗುತ್ತದೆ.