ಕರೂವಿನ ಗುಂಡುಗಳ್ಳಿ

ಕಳ್ಳಿಯೆಂದೊಡನೆ ನಮಗೆ ನೆನಪಾಗುವುದು ಹೊಲದ ಬೇಲಿ, ಮುಳ್ಳು, ಮುರಿದರೆ ಒಸರುವ ಬಿಳಿಯ ಹಾಲು. ಅದೇ ಜಾತಿಗೆ ಸೇರಿಯೂ ಮುಳ್ಳಾಗಲಿ ಕೊಂಬೆಯಾಗಲಿ ಇಲ್ಲದ ಪುಟ್ಟ ಕಳ್ಳಿಯೊಂದು ದಕ್ಷಿಣ ಆಫ್ರಿಕದಲ್ಲುಂಟು. ಅದರ ಶಾಸ್ತ್ರೀಯ ನಾಮ ಯುಫೋರ್ಬಿಯ ಒಬೀಸ. ಒಬೀಸ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬೊಜ್ಜು ಬೆಳೆದದ್ದು. 1903ರಲ್ಲಿ ಹೀಗೆ ಹೆಸರಿಟ್ಟವರು ಆಂಗ್ಲ ಸಸ್ಯಶಾಸ್ತ್ರಜ್ಞ ಜೋಸೆಫ್ ಡಾಲ್ಟನ್ ಹೂಕರ್. ಅಷ್ಟು ದೊಡ್ಡ ಪಂಡಿತರ ಮಾತಾದರೂ ಈ ಹೆಸರು ನನಗೆ ಒಪ್ಪಿಗೆಯಿಲ್ಲ. ಗಿಡದ ಆ ದಪ್ಪ ಬೊಜ್ಜಲ್ಲ, ನೀರಿನ ಉಳಿತಾಯ.

ಗ್ರಾಫ್-ರೈನೆಟ್ ಪಟ್ಟಣದ ಸಮೀಪ, ಮಹಾ ಕರೂ ಎಂಬ ಅರೆಮರುಭೂಮಿಯ ಕಲ್ಲುನೆಲವೇ ಇದರ ತವರು. ಒಂದೇ ಗಾತ್ರದ ವಸ್ತುಗಳಲ್ಲಿ ಗೋಳಕ್ಕೆ ಹೊರಮೈ ಅತ್ಯಲ್ಪವೆಂದು ಗಣಿತದಲ್ಲಿ ಓದಿದ್ದೇವಷ್ಟೆ. ಹೊರಮೈ ಕಡಿಮೆಯಾದಷ್ಟೂ ಆವಿಯಾಗುವ ನೀರೂ ಕಡಿಮೆ. ಗಿಡದ ಮೈಮೇಲೆ ಸಾಮಾನ್ಯವಾಗಿ ಎಂಟು ಏಣುಗಳಿದ್ದು, ಮಳೆ ಬಿದ್ದಾಗ ಮೈ ಉಬ್ಬುತ್ತದೆ, ಬರಗಾಲದಲ್ಲಿ ಕುಗ್ಗುತ್ತದೆ. ಎಲೆಗಳು ಹೆಸರಿಗೆ ಮಾತ್ರ. ಹುಟ್ಟಿ ಬೇಗನೆ ಉದುರುತ್ತವೆ. ಆಹಾರ ತಯಾರಿಸುವ ಕೆಲಸವೆಲ್ಲ ಹಸುರು ಕಾಂಡದ್ದು. ಬೂದುಹಸುರಿನ ಮೇಲೆ ಕಂದು ಪಟ್ಟೆಗಳಿರುವುದರಿಂದ ಕಲ್ಲುಗಳ ನಡುವೆ ಅದು ಸುಲಭವಾಗಿ ಕಣ್ಣಿಗೆ ಬೀಳದು. ವಯಸ್ಸಾದಂತೆ ಗೋಳವು ನಿಧಾನವಾಗಿ ಕಂಬದ ಆಕಾರಕ್ಕೆ ತಿರುಗುತ್ತದೆ.

ಇಷ್ಟೆಲ್ಲ ಜಾಣತನವಿದ್ದರೂ ಒಂಟಿಯಾಗಿ ವಂಶ ಬೆಳೆಸುವ ಶಕ್ತಿ ಇದಕ್ಕಿಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹೂ ಬಿಡಲು ಹಲವು ವರ್ಷಗಳೇ ಬೇಕು. ಬುಡದಲ್ಲಿ ಮರಿ ಹಾಕುವ ವಾಡಿಕೆಯೂ ಇಲ್ಲವಾದ್ದರಿಂದ ಬೀಜವೇ ಗತಿ. ಮೂರು ಕೋಣೆಯ ಕಾಯಿ, ಇದರ ಬಂಧುವಾದ ನಮ್ಮ ಹರಳಿನ ಕಾಯಿಯ ಹಾಗೆ, ಒಣಗಿ ಸಿಡಿದು ಬೀಜವನ್ನೆಸೆಯುತ್ತದೆ. ಎಸೆದರೂ ಹೋಗುವುದೆಷ್ಟು ದೂರ? ಸಂತಾನವೆಲ್ಲ ತಾಯಿಯ ಆಸುಪಾಸಿನಲ್ಲೇ.

ಹೀಗಿರುವಾಗ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಗ್ರಾಹಕರು ಇದರ ಚೆಲುವಿಗೆ ಮರುಳಾಗಿ ಗಿಡಗಳನ್ನು ಬೇರುಸಹಿತ ಕಿತ್ತು ಸಾಗಿಸಿದರು. ಕಿತ್ತವರು ಗಂಡು ಹೆಣ್ಣು ನೋಡಿ ಕಿತ್ತಾರೆಯೇ? ಉಳಿದೊಂದು ಹೆಣ್ಣು ಗಿಡಕ್ಕೆ ಹತ್ತಿರದಲ್ಲಿ ಗಂಡಿಲ್ಲದೆ ಹೋದರೆ, ಅದು ಜೀವಂತವಿದ್ದರೂ ಅದರ ವಂಶ ಮುಗಿದಂತೆಯೇ. ಈಗ ಇದರ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಆದರೆ ಕಾನೂನಿನಷ್ಟೇ ಉಪಕಾರ ಮಾಡಿದವರು, ನನ್ನ ಅಭಿಪ್ರಾಯದಲ್ಲಿ, ಬೀಜದಿಂದ ಸಸಿ ಎಬ್ಬಿಸುವ ತೋಟಗಾರರು. ಕುಂಡದ ಸಸಿ ಅಗ್ಗವಾಗಿ ಸಿಕ್ಕುವಾಗ ಕಾಡಿನದನ್ನು ಕೀಳುವವರು ಕಡಿಮೆ. ಅವರು ಸಣ್ಣ ಕುಂಚದಿಂದ ಗಂಡುಹೂವಿನ ಹಳದಿ ಪರಾಗವನ್ನು ಹೆಣ್ಣುಹೂವಿಗೆ ಸವರುತ್ತಾರೆ; ಕಾಯಿ ಬಲಿತಾಗ, ಬೀಜ ಸಿಡಿದು ಕಳೆದುಹೋಗದಂತೆ, ಗಿಡಕ್ಕೆ ತೆಳುಬಟ್ಟೆಯ ಕುಲಾವಿ ತೊಡಿಸುತ್ತಾರೆ.